ಬಾಲ ಭಾರವಾದ ವಿಮಾನ

ಬೀದರ ನಗರದ ಹುಡುಗರಿಗೆ ವಿಮಾನದ ಹುಚ್ಚು ಹತ್ತುವುದು ಸಹಜ. ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ರೂಪುಗೊಂಡದ್ದು ಇಲ್ಲಿಯೇ. ಆದರೆ ರೇಡಿಯೊ ನಿಯಂತ್ರಿತ ಮಾದರಿಗಳನ್ನು ವಾಯುನೆಲೆಯ ಆಸುಪಾಸಿನಲ್ಲಿ ಅನುಮತಿಯಿಲ್ಲದೆ ಹಾರಿಸಕೂಡದು. 2021ರ ಡ್ರೋನ್ ನಿಯಮಗಳು ಇವಕ್ಕೂ ಅನ್ವಯಿಸುತ್ತವೆ. ಭಾಲ್ಕಿ, ಔರಾದ ಕಡೆಯ ಬಯಲಿಗೆ ಹೋಗುವವರೂ ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಆ ಜಾಗ ಹಸಿರು ವಲಯದಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಹೊಸಬರ ವಿಮಾನ ಮೊದಲ ಹಾರಾಟದಲ್ಲೇ ನೆಲಕಚ್ಚಲು ಹೆಚ್ಚಾಗಿ ಬಾಲದ ಭಾರವೇ ಕಾರಣ. ಬ್ಯಾಟರಿ ಸಮೇತ ಎಲ್ಲವನ್ನೂ ಜೋಡಿಸಿ, ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲುಭಾಗದಷ್ಟು ಹಿಂದೆ, ಎರಡೂ ಬದಿಗೆ ಬೆರಳಿಟ್ಟು ಎತ್ತಿ. ನೇರ ರೆಕ್ಕೆಯ ಅಗಲ 20 ಸೆಂ.ಮೀ. ಇದ್ದರೆ 5 ಸೆಂ.ಮೀ. ಮೂತಿ ತುಸುವೇ ಬಾಗಿದರೆ ಸರಿ. ಬಾಲ ಕುಸಿದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಿ. ಸೀಸ ಅಂಟಿಸುವುದು ಕೊನೆಯ ಉಪಾಯ. ಮನೆಯೊಳಗೆ ಮೋಟಾರು ತಿರುಗಿಸಿ ನೋಡುವುದಾದರೆ ಮಾತ್ರ ಪ್ರೊಪೆಲ್ಲರ್ ಬಿಚ್ಚಿಡಿ. ಬೆರಳಿಗೆ ಸ್ಪೇರ್ ಸಿಗುವುದಿಲ್ಲ!

ನಮ್ಮ ಬೇಸಿಗೆಯದು ಬೇರೆಯೇ ತಂಟೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಗ್ಲೂ ಗನ್ನಿನ ಅಂಟು ಮೆತ್ತಗಾಗಿ ಮೋಟಾರು ಕೂರಿಸಿದ ಹಲಗೆಯೇ ಕಳಚಿ ಬರುತ್ತದೆ. ಅಲ್ಲಿಗೆ ಎಪಾಕ್ಸಿಯನ್ನೇ ಹಾಕಿ. ಲಿಥಿಯಂ ಬ್ಯಾಟರಿಯನ್ನಂತೂ ಬಿಸಿಲಿಗೆ ಬಿಡಲೇಬೇಡಿ. ಉಬ್ಬಿದ್ದನ್ನು ಚಾರ್ಜ್ ಮಾಡಿದರೆ ಬೆಂಕಿ ಹತ್ತೀತು.

ಇನ್ನು ಎರೆ ಹೊಲ. ತೊಗರಿ ಕೊಯ್ದ ಕೂಳೆ ಥರ್ಮಾಕೋಲನ್ನು ಸೀಳಿಬಿಡುತ್ತದೆ, ಹುಲ್ಲಿರುವ ಕಡೆ ಇಳಿಸಿ. ಕೈಯಿಂದ ಹಾರಿಬಿಡುವಾಗ ಗಾಳಿಗೆ ಎದುರಾಗಿ ಎಸೆಯಿರಿ, ಜನ, ದನಕರು ಇಲ್ಲದ ದಿಕ್ಕಿಗೆ.