ಎರಡು ಬಾಗಿಲಿನ ಬಂಡಿ

ಹೂವಿನಹಡಗಲಿಯ ಹಿರಿಯ ವಾಚಕರೊಬ್ಬರು ಪತ್ರ ಬರೆದಿದ್ದಾರೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗನು ಹಳೆಯ ಡಾಲ್ಫಿನ್ ಕಾರೊಂದನ್ನು ಕೊಂಡು, ದುರಸ್ತಿ ಮಾಡಿಸಿ ಊರಿಗೆ ತಂದಿದ್ದಾನೆ. ಅದಕ್ಕೆ ಎರಡೇ ಬಾಗಿಲು. ಮೊಣಕಾಲು ನೋವಿನ ತಾಯಿಗೆ ಹಿಂದಿನ ಆಸನಕ್ಕೆ ನುಸುಳಲಾಗದು. ದುಡಿದ ಹಣವನ್ನು ಹೀಗೆ ಆಟಿಕೆಗೆ ಸುರಿಯುವುದು ಸರಿಯೇ ಎಂಬುದು ಅವರ ಪ್ರಶ್ನೆ.

ಸದ್ಭಕ್ತರೇ, ಮೊದಲು ಆ ಕಾರಿನ ಕುಲವನ್ನು ವಿಚಾರಿಸೋಣ. ಕುಲ ಕೇಳಬಾರದೆಂಬುದು ಮನುಷ್ಯರ ವಿಷಯಕ್ಕೆ, ಯಂತ್ರಕ್ಕಲ್ಲ. ಡಾಲ್ಫಿನ್ ನಮ್ಮ ನಾಡಿನದೇ ಕೂಸು. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆ ಇದನ್ನು ತಯಾರಿಸಿತು. ಇಂಗ್ಲೆಂಡಿನ ರಿಲಯಂಟ್ ಸಂಸ್ಥೆಯ ಕಿಟನ್ ಎಂಬ ಕಾರು ಇದಕ್ಕೆ ಮಾತೃಕೆ. ಅದೇ ರಿಲಯಂಟ್ ಸಂಸ್ಥೆ ಸಿಮಿಟರ್ ಎಂಬ ಕ್ರೀಡಾ ಕಾರನ್ನೂ ಮಾಡುತ್ತಿತ್ತು. ಆ ರಾಷ್ಟ್ರದ ರಾಜಕುಮಾರಿ ಆ್ಯನ್ ಅದರ ಪ್ರಸಿದ್ಧ ಒಡತಿ. ಡಾಲ್ಫಿನ್ನಿಗೆ 848 ಸಿ.ಸಿ. ಎಂಜಿನ್, ನಾಲ್ಕು ಗೇರು, ಫೈಬರಿನ ಹಗುರ ಮೈ. ಈ ಹಗುರತನದಿಂದಲೇ ಅದು ಮದರಾಸಿನ ಬಳಿಯ ಶೋಲವರಂ ಓಟದ ಕಣದಲ್ಲಿಯೂ ರ‍್ಯಾಲಿಗಳಲ್ಲಿಯೂ ಹೆಸರು ಮಾಡಿತು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಅದಕ್ಕೆ ಬಾಗಿಲು ನಾಲ್ಕು. ಕುಟುಂಬಸ್ಥರು ಅತ್ತ ಒಲಿದರು. ಸಿಪಾನಿಯವರು ನಾಲ್ಕು ಬಾಗಿಲಿನ ಮೊಂಟಾನಾವನ್ನು ಹೊರತಂದರೂ ಕಾಲ ಮಿಂಚಿತ್ತು. ನಮ್ಮ ವಾಚಕರು ಇಂದು ಎತ್ತಿರುವ ಆಕ್ಷೇಪಣೆಯೇ ಅಂದು ಆ ಕಾರಿನ ಹಣೆಬರಹವನ್ನು ಬರೆಯಿತೆಂಬುದು ವಿಚಿತ್ರವಲ್ಲವೇ!

ಇಂಥ ಬಂಡಿಯಲ್ಲಿ ಸುಖವೇನು? ವೇಗವೆಂದು ಹಿರಿಯರು ಭಾವಿಸಿರಬಹುದು. ವೇಗವೇ ಬೇಕಿದ್ದರೆ ಇಂದಿನ ಯಾವ ಕಾರಾದರೂ ಇದನ್ನು ಹಿಂದೆ ಹಾಕೀತು. ಸುಖವಿರುವುದು ಕೈ, ಕಾಲು, ಕಿವಿಗಳು ಒಂದಾಗುವುದರಲ್ಲಿ. ಎಂಜಿನ್ನಿನ ದನಿ ಭಾರವಾದುದನ್ನು ಕಿವಿ ಅರಿಯಬೇಕು. ಎಡಗಾಲು ಕ್ಲಚ್ಚನ್ನು ಒತ್ತಬೇಕು. ಕೆಳಗಿನ ಗೇರಿಗೆ ಇಳಿಸುವಾಗ ಬಲಗಾಲು ಆಕ್ಸಿಲರೇಟರನ್ನು ತುಸುವೇ ತಟ್ಟಿ ಎಂಜಿನ್ನಿನ ಸುತ್ತನ್ನು ಏರಿಸಬೇಕು. ಆಗ ಗೇರು ಎಳೆತವಿಲ್ಲದೆ ಕೂಡುತ್ತದೆ. ಒಂದು ಕ್ಷಣ ತಪ್ಪಿದರೆ ಬಂಡಿಯೇ ಜರ್ಕು ಹೊಡೆದು ಗದರಿಸುತ್ತದೆ. ಕೂರಿಗೆ ಹಿಡಿದ ರೈತನ ಅಂಗೈಗೆ ನೆಲದ ಹದ ತಿಳಿಯುವಂತೆ, ಗೇರಿನ ಕೋಲು ಹಿಡಿದವನಿಗೆ ರಸ್ತೆ ತಿಳಿಯುತ್ತದೆ. ಹಡಗಲಿಯಿಂದ ಹಿರೇಹಡಗಲಿಯ ಕಡೆಗೆ ಹೋಗುವ ದಾರಿಯಲ್ಲಿ ಇದಕ್ಕೆ ಓಟದ ಕಣವೇನೂ ಬೇಕಾಗದು. ಒಕ್ಕಣೆಯ ರಾಶಿ, ಎತ್ತಿನ ಗಾಡಿ, ಊರಿಗೊಂದು ಉಬ್ಬು: ನಲವತ್ತು ಕಿಲೋಮೀಟರಿನ ವೇಗದಲ್ಲಿಯೇ ಗೇರಿಗೆ ಬೇಕಾದಷ್ಟು ಕೆಲಸ. ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವ ತರುಣನೊಬ್ಬನು ಇಂಥ ಮೈಯರಿವನ್ನು ಅರಸಿದರೆ ಅದನ್ನು ಆಟಿಕೆಯೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಆದರೆ ಖರ್ಚಿನ ಮಾತನ್ನು ಮಗನು ಮರೆಸಬಾರದು. ಫೈಬರಿಗೆ ತುಕ್ಕಿಲ್ಲ, ಬಿರುಕುಂಟು. ಒಳಗಿನ ಉಕ್ಕಿನ ಚಾಸಿಗೆ ತುಕ್ಕೂ ಉಂಟು. ಎಂಜಿನ್ ಅಲ್ಯೂಮಿನಿಯಂನದು, ಕಾವು ಮೀರಿದರೆ ಕೆಡುತ್ತದೆ. ನಮ್ಮ ಬೇಸಿಗೆಯಲ್ಲಿ ರೇಡಿಯೇಟರಿನ ನೀರನ್ನು ಪ್ರತಿ ಪ್ರಯಾಣಕ್ಕೆ ಮುನ್ನ ನೋಡಲೇಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಡ್ಡಿ ನವೀಕರಿಸಬೇಕು. ಅಪಘಾತದಲ್ಲಿ ಇಂದಿನ ಕಾರುಗಳು ಕೊಡುವ ರಕ್ಷಣೆ ಇದರಲ್ಲಿಲ್ಲ. ಆದ್ದರಿಂದ ಲಾರಿಗಳು ನುಗ್ಗುವ ಹೆದ್ದಾರಿಯಲ್ಲಿ ಬೆಂಗಳೂರಿನಿಂದ ರಾತ್ರಿಯ ಪಯಣಕ್ಕೆ ಇದು ತಕ್ಕುದಲ್ಲ. ಈ ವಿಷಯದಲ್ಲಿ ತಂದೆಯವರು ಗಟ್ಟಿಯಾಗಿ ಹೇಳಲಿ.

ತಾಯಿಯವರ ಮಾತಿಗೆ ಬರೋಣ. ಮುಂದಿನ ಆಸನ ಅವರದು. ಆಸನವನ್ನು ಮಡಚಿ ಹಿಂದಕ್ಕೆ ನುಸುಳುವ ಶ್ರಮವನ್ನು ಪತ್ರ ಬರೆದ ಹಿರಿಯರೇ ವಹಿಸಿಕೊಳ್ಳತಕ್ಕದ್ದು. ಭಾರತ ಹುಣ್ಣಿಮೆಗೆ ಮೈಲಾರದ ಜಾತ್ರೆಗೆ ಹೊರಟಾಗ ಮಾತ್ರ ಬಂಡಿಯನ್ನು ಮನೆಯ ಮುಂದೆ ನೆರಳಿಗೆ ನಿಲ್ಲಿಸಿ, ಮೂವರೂ ಬಸ್ಸು ಹತ್ತುವುದು ಲೇಸು. ಆ ಜನಸಾಗರದಲ್ಲಿ ಯಾವ ಗೇರೂ ನಡೆಯದು.