ಮನವಿಪತ್ರಗಳಿಂದ ಶಾಸನವಾಗುವುದೇ?

ನಮ್ಮ ಜಿಲ್ಲೆಯ ಸಂಘಸಂಸ್ಥೆಗಳು ವರ್ಷಂಪ್ರತಿ ಅಂಗೀಕರಿಸುವ ನಿರ್ಣಯಗಳನ್ನೆಲ್ಲ ಒಂದೆಡೆ ಕೂಡಿಸಿದರೆ ಒಂದು ಮಹಾಗ್ರಂಥವೇ ಆದೀತು. ಅವುಗಳಲ್ಲಿ ಎಷ್ಟು ಶಾಸನರೂಪವನ್ನು ತಾಳಿದುವೆಂದು ಕೇಳಿದರೆ ಮಾತ್ರ ಮಹನೀಯರು ಮೌನವನ್ನು ಧರಿಸುವರು. ಅನಂತರ ಯಾರಾದರೊಬ್ಬರು ನಿಟ್ಟುಸಿರುಬಿಟ್ಟು, "ಶಾಸಕರಿಗೆ ಬೇಕಾದುದು ಹಣ ಮತ್ತು ಜಾತಿ; ವಿದ್ಯಾವಂತರ ಮಾತನ್ನು ಕೇಳುವವರಾರು?" ಎನ್ನುವರು. ಇದು ಅರ್ಧಸತ್ಯವು, ಅದರಲ್ಲಿಯೂ ಆಡುವವರಿಗೆ ಬಹು ಅನುಕೂಲವಾದ ಅರ್ಧವು. ನಮ್ಮ ಮಾತು ಕೇಳತಕ್ಕಂತೆ ಇದ್ದಿತೇ ಎಂಬ ವಿಚಾರಕ್ಕೆ ಅದು ಬಾಗಿಲನ್ನು ಹಾಕಿಬಿಡುತ್ತದೆ.

ಮೀಮಾಂಸಕರು ವೇದವಾಕ್ಯಗಳಲ್ಲಿ ವಿಧಿಯೆಂದೂ ಅರ್ಥವಾದವೆಂದೂ ಭೇದವನ್ನು ಹೇಳಿರುವರಷ್ಟೆ. ಇಂಥದನ್ನು ಮಾಡತಕ್ಕದ್ದೆಂಬುದು ವಿಧಿ. ಅದನ್ನು ಹೊಗಳಿ ರುಚಿ ಹುಟ್ಟಿಸುವುದು ಅರ್ಥವಾದ. ವಿಧಿಯೊಡನೆ ಕೂಡಿದಾಗಲೇ ಅರ್ಥವಾದಕ್ಕೆ ಪ್ರಾಮಾಣ್ಯ. ನಮ್ಮ ಮನವಿಪತ್ರಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿರಿ. ಮೊದಲನೆಯ ಪುಟದಲ್ಲಿ ನಾಡಿನ ಗತವೈಭವ. ಎರಡನೆಯದರಲ್ಲಿ ಸಚಿವರ ಔದಾರ್ಯ. ಮೂರನೆಯದರ ಕೊನೆಯಲ್ಲಿ "ಸೂಕ್ತ ಕ್ರಮವನ್ನು ಕೈಕೊಳ್ಳಬೇಕು" ಎಂಬೊಂದು ಪಂಕ್ತಿ. ಯಾವ ಕ್ರಮ? ಯಾರು ಕೈಕೊಳ್ಳತಕ್ಕದ್ದು? ಯಾವ ಕಾಯಿದೆಯ ಯಾವ ಪ್ರಕರಣದಲ್ಲಿ ಯಾವ ಮಾತು ಬದಲಾಗಬೇಕು? ಇದೊಂದೂ ಇಲ್ಲ. ಪತ್ರವನ್ನು ಹಾರದೊಡನೆ ಅರ್ಪಿಸಿ, ಭಾವಚಿತ್ರವನ್ನು ತೆಗೆಯಿಸಿಕೊಂಡು ನಾವು ಹಿಂದಿರುಗುವೆವು. ಸಚಿವರು ಅದನ್ನು ಪಕ್ಕದವರ ಕೈಗೆ ಕೊಡುವರು. ಹಾರವೂ ಆ ಕೈಗೇ ಹೋಗುವುದು.

ಹಾಗಾದರೆ ಸಾವಿರಾರು ಜನರನ್ನು ಕೂಡಿಸಿ ಬೀದಿಗಿಳಿಯೋಣವೆನ್ನುವ ತರುಣರ ಪಕ್ಷವೊಂದಿದೆ. ಅವರ ಉತ್ಸಾಹವು ನನಗೆ ಹಿರಿಯರ ನಿಟ್ಟುಸಿರಿಗಿಂತ ಪ್ರಿಯವಾದುದು. ಆದರೆ ಗುಂಪನ್ನು ಶಾಸಕನು ಎಣಿಸುತ್ತಾನೆಯೇ ಹೊರತು ಆಲಿಸುವುದಿಲ್ಲ. ಗುಂಪು ಚೆದರಿದ ಮರುದಿನ ಎಣಿಕೆಯನ್ನೂ ಮರೆಯುತ್ತಾನೆ.

ಶಾಸಕನು ಯಾವುದಕ್ಕೆ ಮಣಿಯುತ್ತಾನೆಂಬುದಕ್ಕೆ ಉತ್ತಮ ನಿದರ್ಶನವು ರಾಜಸ್ಥಾನದಲ್ಲಿದೆ. ಅಲ್ಲಿಯ ರಾಜಸಮಂದ ಜಿಲ್ಲೆಯ ಭೀಮ್ ಎಂಬ ಊರಿನಲ್ಲಿ 1990ನೆಯ ಇಸವಿಯ ಮೇ 1ರಂದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಸಂಘವು ಹುಟ್ಟಿತು. ಅರುಣಾ ರಾಯ್, ನಿಖಿಲ್ ಡೇ, ಶಂಕರ ಸಿಂಗ್ ಇವರು ಅದರ ಸ್ಥಾಪಕರಲ್ಲಿ ಮುಖ್ಯರು. ಸದಸ್ಯರು ಬಹುಮಟ್ಟಿಗೆ ಕೂಲಿಕಾರರೂ ಸಣ್ಣ ರೈತರೂ. ಬರಪರಿಹಾರದ ಕಾಮಗಾರಿಗಳಲ್ಲಿ ಕಾನೂನು ಗೊತ್ತುಮಾಡಿದ ಕೂಲಿ ಇವರ ಕೈಗೆ ಬರುತ್ತಿರಲಿಲ್ಲ. ಕೇಳಿದರೆ, ನೀವು ಮಾಡಿದ ಕೆಲಸವೇ ಅಷ್ಟಿಲ್ಲವೆಂದು ದಾಖಲೆ ಹೇಳುತ್ತದೆಂಬ ಉತ್ತರ. ದಾಖಲೆಯನ್ನು ತೋರಿಸಿರೆಂದರೆ ಅದು ಸರ್ಕಾರದ ಗುಟ್ಟು! ಆ ಸ್ಥಳದಲ್ಲಿ ನಾವಾಗಿದ್ದರೆ "ಭ್ರಷ್ಟಾಚಾರವು ತೊಲಗಲಿ" ಎಂದು ನಿರ್ಣಯಿಸಿ ಉಪಾಹಾರಕ್ಕೆ ಏಳುತ್ತಿದ್ದೆವು. ಅವರು ಹಾಗೆ ಮಾಡಲಿಲ್ಲ. ಹಾಜರಿಪಟ್ಟಿಗಳ ಮತ್ತು ಬಿಲ್ಲುಗಳ ನಕಲನ್ನು ಕೇಳಿದವರಿಗೆ ಕೊಡತಕ್ಕದ್ದು ಎಂಬ ಒಂದೇ ವಿಧಿವಾಕ್ಯವನ್ನು ಹಿಡಿದರು, ಹಿಡಿದುದನ್ನು ಬಿಡಲಿಲ್ಲ.

1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಗ್ರಾಮದಲ್ಲಿ ಅವರ ಮೊದಲನೆಯ 'ಜನಸುನವಾಯಿ' ನಡೆಯಿತು. ಜನರೆದುರು ನಡೆಯುವ ಅಹವಾಲಿನ ಸಭೆಯೆಂದು ತಿಳಿಯಬಹುದು. ಅಲ್ಲಿ ಭಾಷಣಕ್ಕಿಂತ ಲೆಕ್ಕಕ್ಕೆ ಪ್ರಾಧಾನ್ಯ. ಪಟ್ಟಿಯಲ್ಲಿದ್ದುದನ್ನು ಊರವರೆದುರು ಓದುವುದು. ಹೆಸರಿದ್ದವರು ಎದ್ದು ಹೌದು ಅಲ್ಲವೆನ್ನುವುದು. ಕಾಗದದ ಮೇಲಿದ್ದ ಕೆಲಸವು ನೆಲದ ಮೇಲಿಲ್ಲವೆಂಬುದು ಹೀಗೆ ಸಿದ್ಧವಾಯಿತು. ತನ್ನ ಹೆಸರಿನ ಮುಂದೆ ಬರೆದ ದಿನಗಳು ಸುಳ್ಳೆಂದು ಹೇಳಲು ಕೂಲಿಯವನಿಗೆ ವ್ಯಾಕರಣವು ಬೇಕಿಲ್ಲ. ಆ ಮಾತಿಗೆ ಎದುರುವಾದವನ್ನು ಹೂಡಲು, ಅವನದೇ ಮತವನ್ನು ಬೇಡಬೇಕಾದ ಶಾಸಕನಿಗೆ ಬಾಯಿಯಿಲ್ಲ. ಪ್ರತ್ಯಕ್ಷಪ್ರಮಾಣದ ಬಲವು ಇದು.

1995ರ ಏಪ್ರಿಲಿನಲ್ಲಿ ಆಗಿನ ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್ ಅವರು ವಿಧಾನಸಭೆಯಲ್ಲಿಯೇ ನಕಲುಗಳನ್ನು ಕೊಡುವುದಾಗಿ ಮಾತು ಕೊಟ್ಟರು. ವರ್ಷವೊಂದು ಕಳೆದರೂ ಆ ಮಾತು ಕಾರ್ಯಕ್ಕೆ ಬರಲಿಲ್ಲ. 1996ರ ಏಪ್ರಿಲ್ 6ರಿಂದ ಬ್ಯಾವರ್ ಪಟ್ಟಣದಲ್ಲಿ ಸಂಘದವರು 40 ದಿನ ಧರಣಿ ಕುಳಿತರು. ಇದೂ ಬೀದಿಯೇ ಅಲ್ಲವೆ ಎಂದು ನಮ್ಮ ತರುಣರು ಕೇಳಬಹುದು. ಹೌದು, ಆದರೆ ಕೇಳಿದುದು ಸದನದಲ್ಲಿ ಆಗಲೇ ಆಡಿದ್ದ ಮಾತಿನ ಅನುಷ್ಠಾನವನ್ನು. ವಿಧಿಯು ಆಳುವವರ ಬಾಯಿಂದಲೇ ಹೊರಟಿದ್ದಾಗ ಅದನ್ನು ಅಲ್ಲಗಳೆಯುವ ಉಪಾಯವು ಅವರಿಗೆ ಉಳಿಯಲಿಲ್ಲ.

ಪಂಡಿತರಿಗೆ ಕೆಲಸವು ಬಂದುದು ಆ ಮೇಲೆ. ಅದೇ 1996ರಲ್ಲಿ ನ್ಯಾಯಮೂರ್ತಿ ಪಿ. ಬಿ. ಸಾವಂತರ ಅಧ್ಯಕ್ಷತೆಯಲ್ಲಿದ್ದ ಭಾರತೀಯ ಪತ್ರಿಕಾ ಮಂಡಲಿಯು ಮಸೂದೆಯ ಕರಡನ್ನು ಸಿದ್ಧಪಡಿಸಿತು. 2000ದಲ್ಲಿ ರಾಜಸ್ಥಾನವೂ ನಮ್ಮ ಕರ್ನಾಟಕವೂ ಮಾಹಿತಿ ಹಕ್ಕಿನ ಕಾಯಿದೆಗಳನ್ನು ಮಾಡಿದುವು. 2005ರಲ್ಲಿ ಸಂಸತ್ತಿನ ಕಾಯಿದೆಯಾಗಿ ಅದೇ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಕೂಲಿಯವನ ಲೆಕ್ಕ ಮುಂದೆ, ವಕೀಲನ ಕರಡು ಹಿಂದೆ: ಕ್ರಮವು ಹೀಗಿತ್ತು. ನಾವಾದರೋ ಕರಡಿನ ಶೈಲಿಯನ್ನು ತಿದ್ದುತ್ತ ಕುಳಿತು ಲೆಕ್ಕವಿರುವವನನ್ನು ಸಭೆಗೇ ಕರೆಯುವುದಿಲ್ಲ.

ಗಳಿಸಿದುದು ತಾನಾಗಿ ಉಳಿಯುವುದೂ ಇಲ್ಲ. 2019ರ ತಿದ್ದುಪಡಿಯಿಂದ ಮಾಹಿತಿ ಆಯುಕ್ತರ ಅಧಿಕಾರಾವಧಿಯನ್ನೂ ವೇತನವನ್ನೂ ಗೊತ್ತುಮಾಡುವ ಶಕ್ತಿಯು ಕೇಂದ್ರಸರ್ಕಾರಕ್ಕೆ ಸಂದಿತು. ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯಿದೆಯಲ್ಲಿ, ಮಾಹಿತಿ ಹಕ್ಕಿನ 8ನೆಯ ಪ್ರಕರಣದ ಒಂದು ಖಂಡವನ್ನೇ ಬದಲಿಸುವ ಮಾತು ಸೇರಿತು. ಆಗ ನಮ್ಮ ಸಂಘಗಳು ಯಾವ ನಿರ್ಣಯದಲ್ಲಿ ಮಗ್ನವಾಗಿದ್ದುವೋ ತಿಳಿಯದು.

ನಮಗೆ ದ್ವಾರವಿಲ್ಲವೆಂಬುದೂ ಸುಳ್ಳು. ರಾಜ್ಯದ ವಿಧಾನಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರವು, 7 ಶಿಕ್ಷಕರವು. ಈ ಪತ್ರಿಕೆಯನ್ನೋದುವ ಅನೇಕರು ಅವುಗಳ ಮತದಾರರೇ. ಶಾಸನಸಭೆಯಲ್ಲಿ ಅರ್ಜಿಗಳ ಸಮಿತಿಯಿದೆ. ಸಚಿವರು ಸದನದಲ್ಲಿ ಕೊಟ್ಟ ಮಾತನ್ನು ಬೆನ್ನಟ್ಟಲು ಭರವಸೆಗಳ ಸಮಿತಿಯಿದೆ. ಹಾರವನ್ನು ಹಿಡಿದು ಅತಿಥಿಗೃಹದ ಮುಂದೆ ನಿಲ್ಲುವವರಿಗೆ ಇವುಗಳ ನೆನಪೇ ಬಾರದು.

ಗ್ರಂಥಾಲಯಗಳು ಅಭಿವೃದ್ಧಿ ಹೊಂದಲೆಂದು ನಮ್ಮ ಸಂಘವು ಪ್ರತಿವರ್ಷವೂ ನಿರ್ಣಯಿಸುತ್ತದಷ್ಟೆ. ಸಾರ್ವಜನಿಕ ಗ್ರಂಥಾಲಯಗಳ 1965ರ ಅಧಿನಿಯಮದಂತೆ ಆಸ್ತಿತೆರಿಗೆಯೊಡನೆ ಗ್ರಂಥಾಲಯ ಕರವನ್ನು ನಾವೆಲ್ಲರೂ ತೆರುತ್ತಿರುವೆವು. ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ ಈ ಹಣವು ಗ್ರಂಥಾಲಯಗಳಿಗೆ ಸಲ್ಲದೆ ಬಾಕಿಯುಳಿಯುತ್ತದೆಂಬ ದೂರು ರಾಜ್ಯದಲ್ಲಿ ಹಳೆಯದು. ನಮ್ಮ ಊರಿನಲ್ಲಿ ಕಳೆದ ಐದು ವರ್ಷಗಳಲ್ಲಿ ವಸೂಲಾದುದೆಷ್ಟು, ಸಂದುದೆಷ್ಟು? ಈ ವರ್ಷ ನಿರ್ಣಯವನ್ನು ಬಿಟ್ಟು ಇದನ್ನು ಕೇಳೋಣ. ಅರ್ಜಿಯ ಶುಲ್ಕವು 10 ರೂಪಾಯಿ. ಉತ್ತರಕ್ಕೆ ಕಾನೂನು ಕೊಟ್ಟ ಅವಧಿಯು 30 ದಿನ. ಬಂದ ಅಂಕಿಗಳನ್ನು ಗ್ರಂಥಾಲಯದ ಅಂಗಳದಲ್ಲಿಯೇ, ನಿತ್ಯ ಬರುವ ಓದುಗರೆದುರು, ಶಾಸಕರನ್ನೂ ಕರೆದು ಓದತಕ್ಕದ್ದು; ಬಾಕಿಯಿದ್ದರೆ ಮುಂದಿನ ಅಧಿವೇಶನದಲ್ಲಿ ಪ್ರಶ್ನೆಯನ್ನು ಹಾಕುವಿರಾ ಎಂದು ಅಲ್ಲಿಯೇ ಕೇಳತಕ್ಕದ್ದು. ಅರ್ಜಿಯ ಕರಡನ್ನು ಸಂಘದ ಕಾರ್ಯದರ್ಶಿಗಳಲ್ಲಿ ಕೊಟ್ಟಿರುತ್ತೇನೆ. ಅದು ಅರ್ಧ ಪುಟದಷ್ಟಿದೆ, ಗತವೈಭವದ ಪ್ರಸ್ತಾಪವಿಲ್ಲ. ತಮ್ಮ ಹೆಸರಿನಲ್ಲಿ ಕಳುಹಿಸಲು ಇಚ್ಛೆಯುಳ್ಳವರು ಬರುವ ಹುಣ್ಣಿಮೆಯ ಸಭೆಗೆ ಮುಂಚೆ ರುಜು ಹಾಕಬಹುದು.