ಮಾತಿಲ್ಲದ ಮೈರಾವಣ

ಮೈರಾವಣನ ಕಥೆ ವಾಲ್ಮೀಕಿ ರಾಮಾಯಣದಲ್ಲಿಲ್ಲ. ಜನರ ರಾಮಾಯಣದಲ್ಲಿ ಮಾತ್ರ ಅದಕ್ಕೆ ದೊಡ್ಡ ಸ್ಥಾನವುಂಟು. ಹನುಮಂತನು ತನ್ನ ಬಾಲವನ್ನೇ ಕೋಟೆಯಾಗಿ ಸುತ್ತಿ ರಾಮಲಕ್ಷ್ಮಣರನ್ನು ಕಾಯುತ್ತಿರುವಾಗ, ಪಾತಾಳದ ಈ ಮಾಯಾವಿ ವಿಭೀಷಣನ ವೇಷದಲ್ಲಿ ಒಳಹೊಕ್ಕು ಇಬ್ಬರನ್ನೂ ಕದ್ದೊಯ್ಯುತ್ತಾನೆ. ಇಂತಹ ಕಥೆಗಳನ್ನು ತಲೆಮಾರುಗಳಿಂದ ತೊಗಲಿನ ಮೇಲೆ ಚಿತ್ರಿಸಿ, ಪರದೆಯ ಹಿಂದೆ ನಿಂತು ಆಡಿಸಿ ಹಾಡಿದವರು ಶಿಳ್ಳೇಕ್ಯಾತರು.

ಅವರ ಗೊಂಬೆಗಳು ಇಂದು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು, ರಾಮನಗರದ ಜಾನಪದ ಲೋಕ, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಗಳಲ್ಲಿ ಸುರಕ್ಷಿತವಾಗಿವೆ. ಈ ಕಾರ್ಯ ಸ್ತುತ್ಯವೇ ಸರಿ. ಆದರೆ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು, ಆಭರಣಗಳ ಜಾಗದಲ್ಲಿ ರಂಧ್ರ ಕೊರೆದು, ಎರಡೂ ಬದಿಗೆ ಬಣ್ಣ ತುಂಬುವುದು ಹಿಂದಿನಿಂದ ಬರುವ ದೀಪದ ಬೆಳಕಿಗಾಗಿ. ಮುಂದಿನಿಂದ ಬೆಳಕು ಚೆಲ್ಲಿದ ಗಾಜಿನ ಪೆಟ್ಟಿಗೆಯಲ್ಲಿ ಆ ಬಣ್ಣ ಮಂಕಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಮಾತಿನದು.

ಚೀನಾದ ‘ಲುವೊ ನದಿಯ ದೇವತೆ’ ಎಂಬ ರೇಷ್ಮೆಯ ಸುರುಳಿಚಿತ್ರವನ್ನು ಇಲ್ಲಿ ನೆನೆಯಬಹುದು. ಕ್ರಿ.ಶ. 3ನೆಯ ಶತಮಾನದ ಕವಿ ತ್ಸಾವ್ ಝಿಯ ಕಾವ್ಯ ಅದಕ್ಕೆ ಆಧಾರ. ಗು ಕಾಯ್‌ಝಿಯದೆನ್ನುವ ಮೂಲಚಿತ್ರ ಉಳಿದಿಲ್ಲ. ನಂತರದ ಪ್ರತಿಗಳು ವಸ್ತುಸಂಗ್ರಹಾಲಯಗಳಲ್ಲಿವೆ. ಲಿಯಾವ್‌ನಿಂಗ್‌ನ ಪ್ರತಿಯಲ್ಲಿ ಕಾವ್ಯದ ಸಾಲುಗಳನ್ನು ಚಿತ್ರದ ನಡುವೆಯೇ ಬರೆಯಲಾಗಿದೆ. ಅಲ್ಲಿ ಚಿತ್ರವೂ ಪಠ್ಯವೂ ಜೊತೆಯಾಗಿ ಉಳಿದವು. ತೊಗಲು ಗೊಂಬೆಯ ಪಠ್ಯವಾದರೋ ಆಡಿಸುವವರ ಕಂಠದಲ್ಲಿದೆ. ಗೊಂಬೆಯನ್ನು ಕೊಂಡು ತರಬಹುದು, ಕಂಠವನ್ನು ತರಲಾಗದು.

ಆಟ ಪ್ರತಿ ರಾತ್ರಿಯೂ ಬದಲಾಗುತ್ತದೆ, ಯಾವುದನ್ನು ಬರೆದಿಡುವುದು ಎಂದು ಕೆಲವರು ಕೇಳುವುದುಂಟು. ಬದಲಾಗುವುದರಿಂದಲೇ ಒಂದಕ್ಕಿಂತ ಹೆಚ್ಚು ಪಾಠಗಳು ಬೇಕು. ಹಳಗನ್ನಡ ಕಾವ್ಯದ ಪಾಠಾಂತರಗಳನ್ನು ಶ್ರದ್ಧೆಯಿಂದ ಓದುವ ವಿದ್ಯಾರ್ಥಿಗೆ ಇದು ಹೊಸ ಮಾತಲ್ಲ.

ನಂದವರಂ, ಎಮ್ಮಿಗನೂರು, ಆದೋನಿಗಳ ಸೀಮೆಗೆ ಈ ಕೆಲಸ ಇನ್ನಷ್ಟು ಸಲ್ಲುತ್ತದೆ. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು; ಗೊಂಬೆಗಳಿಗೆ ಆ ಗಡಿ ತಿಳಿಯದು. ಮನೆಯೊಳಗೆ ಮರಾಠಿಯ ಒಂದು ರೂಪವನ್ನಾಡುವ ಈ ಸಮುದಾಯ ಪರದೆಯ ಹಿಂದೆ ಕನ್ನಡದಲ್ಲಿ ಹಾಡುತ್ತದೆ. ಆಂಧ್ರದ ಬಂಧುಗಳು ತೆಲುಗಿನಲ್ಲಿ. ನಗಿಸಲು ಬರುವ ಬಂಗಾರಕ್ಕ ಎರಡೂ ಕಡೆ ಬಂಗಾರಕ್ಕನೇ. ಎರಡು ಭಾಷೆಗಳನ್ನು ಕೇಳಿ ಬೆಳೆದ ಇಲ್ಲಿನ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಎರಡೂ ಪಾಠಗಳನ್ನು ಹೋಲಿಸಬಲ್ಲರು.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆತಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಗೌರವ ಬಂದದ್ದು ಸಂತೋಷ. ಆದರೆ ಆ ವಯಸ್ಸೇ ಒಂದು ಎಚ್ಚರಿಕೆ. ಹಾಡಿದವರು ಯಾರು, ಯಾವ ಊರು, ಯಾವ ದಿನ ಎಂಬ ವಿವರಗಳೊಡನೆ ಒಂದು ರಾತ್ರಿಯ ಆಟವನ್ನಾದರೂ ಬರೆದುಕೊಂಡರೆ, ಗಾಜಿನ ಪೆಟ್ಟಿಗೆಯ ಮೈರಾವಣನಿಗೆ ಮಾತು ಬಂದೀತು.